ಕತ್ತಿ ಕೆಳಗಿಟ್ಟು ಆಡುವ ಮಾತು

ಬೆಳಕು ಇನ್ನೂ ಕಿಟಕಿಯ ಸರಳುಗಳಾಚೆಯೇ ನಿಂತಿದೆ. ಸೆರೆಮನೆಯ ಆಸ್ಪತ್ರೆಯ ಆ ಉದ್ದನೆಯ ಕೋಣೆಯಲ್ಲಿ ಎದುರುಬದುರಾಗಿ ಎರಡು ಸಾಲು ಕಬ್ಬಿಣದ ಮಂಚಗಳು, ಮೇಲೆ ಒಂದೇ ಒಂದು ದೀಪ, ನೆಲದಿಂದ ಏಳುವ ಫಿನಾಯಿಲಿನ ವಾಸನೆ. ಒಬ್ಬರು ಕೆಮ್ಮಿದರೆ ಇಡೀ ಸಾಲು ಮಗ್ಗುಲು ಬದಲಿಸುತ್ತದೆ. ಈ ಹೊತ್ತಿಗೆ ಹೊರಗಿನಿಂದ ಒಳಗೆ ಬರುವವರು ಒಬ್ಬರೇ. ಕಂಕುಳಲ್ಲಿ ತಗಡಿನ ಪೆಟ್ಟಿಗೆ, ಕೈಯಲ್ಲಿ ಬಿಸಿನೀರಿನ ಮಗ್ಗು, ಹೆಗಲ ಮೇಲೆ ಒಗೆದೊಗೆದು ಜಾಲರಿಯಾದ ಟವೆಲು. ಅರವತ್ತರ ಹೊಸ್ತಿಲಲ್ಲಿರುವ ಈ ತೆಳ್ಳನೆಯ ವ್ಯಕ್ತಿಯ ಕಸುಬು ಕೈದಿಗಳ ಕ್ಷೌರ. ಕೈದಿಗಳು ಅವರಿಗೆ ಇಟ್ಟ ಹೆಸರು ಬ್ಲೇಡಣ್ಣ. ಆ ಹೆಸರಿನಲ್ಲಿ ಅರ್ಧ ಅವರ ಕಸುಬಿಗೆ ಸಲ್ಲುತ್ತದೆ, ಉಳಿದರ್ಧ ಅವರ ನಾಲಿಗೆಗೆ. ಕೆಲಸ ಮುಗಿದ ಮೇಲೆ, ಕೇಳಿದವರಿಗೆ, ಅವರು ಯೇಸುವಿನ ವಿಷಯ ಹೇಳುತ್ತಾರೆ. ಕೇಳದವರು ಅದಕ್ಕೆ ಕೊರೆತ ಎನ್ನುತ್ತಾರೆ.

ಬಾಗಿಲ ಬಳಿಯ ಮಂಚದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಲಾರಿ ಡ್ರೈವರ್ ಮಲಗಿದ್ದಾನೆ. ಮುಖದ ತುಂಬ ನೊರೆಯಿದ್ದರೂ ಆತನ ಬಾಯಿ ನಿಲ್ಲುವುದಿಲ್ಲ.

"ಮೀಸೆ ಮುಟ್ಟಬೇಡ ಬ್ಲೇಡಣ್ಣ. ಒಳಗೆ ಬಂದಮೇಲೆ ನನ್ನದು ಅಂತ ಉಳಿದಿರೋದು ಅದೊಂದೇ."

"ಮೀಸೆ ಬಿಡ್ತೀನಿ, ನೀನು ಬಾಯಿ ಬಿಡಬೇಡ. ತುಟಿ ಕುಯ್ದುಹೋದರೆ ಬೈಯೋಕೂ ಆಗಲ್ಲ ನಿನಗೆ."

ಪಕ್ಕದ ಮಂಚ ಮೇಸ್ತ್ರಿಯದು. ಹೊರಗಿದ್ದಾಗ ಮನೆ ಕಟ್ಟಿಸುತ್ತಿದ್ದವರು. ಒಡಹುಟ್ಟಿದ ತಮ್ಮನನ್ನು ಕೊಂದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾರೆ. ಹೊಟ್ಟೆಯೊಳಗೆ ಬೆಳೆದ ಗೆಡ್ಡೆ ಅವರ ಕೆನ್ನೆಯ ಮಾಂಸವನ್ನೆಲ್ಲ ತಿಂದುಹಾಕಿದೆ. ಹಾಗೆ ಹಳ್ಳ ಬಿದ್ದ ಕೆನ್ನೆಯ ಕ್ಷೌರ ಸುಲಭವಲ್ಲ. ಬ್ಲೇಡಣ್ಣ ತಮ್ಮ ಎಡಗೈಯ ಬೆರಳನ್ನು ರೋಗಿಯ ಬಾಯೊಳಗಿಟ್ಟು ಕೆನ್ನೆಯನ್ನು ಹೊರಕ್ಕೆ ಉಬ್ಬಿಸಿ, ಆ ಉಬ್ಬಿನ ಮೇಲೆ ಕತ್ತಿ ಎಳೆಯುತ್ತಾರೆ. ಬೆರಳು ಹೊರಗೆ ಬಂದೊಡನೆ ಮೇಸ್ತ್ರಿ ಮಾತಾಡುತ್ತಾರೆ.

"ಇವತ್ತು ಇನ್ನೊಂದು ಸಲ ಎಳೆಯಪ್ಪ. ಮಗಳು ಗಾಡಿ ತರ್ತಾಳೆ. ಮನೆಗೆ ಹೋಗೋನ ಮುಖ ಮನುಷ್ಯನ ಮುಖದ ಹಾಗಿರಬೇಕು."

ದಿಂಬಿನ ಪಕ್ಕದಲ್ಲಿ ಅವರ ಬಟ್ಟೆಯ ಗಂಟು ಕಟ್ಟಿ ಸಿದ್ಧವಾಗಿದೆ. ಬ್ಲೇಡಣ್ಣನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಆ ಗಾಡಿ ನಿನ್ನೆಯೇ ಬಂದು ಹಿಂದಿರುಗಿದೆ. ಈ ಸಂಗತಿ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಮೇಸ್ತ್ರಿಯೊಬ್ಬರ ಹೊರತು. ಅದು ಬಂದದ್ದು ಯಾರ ಮಾತಿನಿಂದ ಎಂಬುದು ಬ್ಲೇಡಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನಡೆದದ್ದು ಇಷ್ಟು. ಕಾಯಿಲೆಯ ಕಾರಣ ಮೇಸ್ತ್ರಿಯನ್ನು ಮನೆಗೆ ಕಳಿಸಬೇಕೆಂದು ಆಸ್ಪತ್ರೆಯ ಡಾಕ್ಟರು ಎಂದೋ ಬರೆದಿದ್ದಾರೆ, ಉತ್ತರ ಬಂದಿಲ್ಲ. ಹೋದ ವಾರ ಒಂದು ಬೆಳಿಗ್ಗೆ ಮೇಸ್ತ್ರಿ ತಾವಾಗಿಯೇ ಬ್ಲೇಡಣ್ಣನನ್ನು ಕರೆದು, "ನನ್ನಂಥೋನಿಗೂ ಏನಾದ್ರೂ ಉಂಟೇನಪ್ಪ?" ಎಂದು ಕೇಳಿದ್ದಾರೆ. ದೇವರ ವಿಷಯವನ್ನೇ ಕೇಳುತ್ತಿದ್ದಾರೆಂದು ಬ್ಲೇಡಣ್ಣ ತಿಳಿದಿದ್ದಾರೆ. ಚಿಕ್ಕಂದಿನಿಂದ ಪ್ರಾರ್ಥನಾಮಂದಿರದ ಚಾಪೆಯ ಮೇಲೆ ಕೂತು ಕೇಳಿದ ಮಾತುಗಳು ಬಾಯಿಗೆ ತಾನಾಗಿ ಬಂದಿವೆ.

"ನಾನು ಹೇಳಿದ್ದನ್ನ ಹಾಗೇ ಹೇಳ್ತೀನಿ ಸರ್, ನೀವೇ ನೋಡಿ," ಎಂದು ಅವರು, ಇದನ್ನು ಬರೆಯುತ್ತಿರುವ ನನ್ನೆದುರು, ಬೆರಳು ಮಡಿಸುತ್ತಾರೆ. "ನಿನ್ನ ಬಿಡುಗಡೆ ಆಗಲೇ ಆಗಿಹೋಗಿದೆ ಮೇಸ್ತ್ರಿ ಅಂದೆ. ನಿನ್ನ ಬದಲು ಇನ್ನೊಬ್ಬ ಎಲ್ಲ ತೀರಿಸಿಬಿಟ್ಟಿದ್ದಾನೆ ಅಂದೆ. ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ ಅಂದೆ. ಇದು ನನ್ನ ಮಾತಲ್ಲ, ಮೇಲಿಂದ ಬಂದಿರೋ ಮಾತು, ನಂಬಿದರೆ ಸಾಕು ಅಂದೆ. ಒಂದೂ ಸುಳ್ಳಲ್ಲ. ನಮ್ಮ ಸಭೆಯಲ್ಲಿ ಹೇಳಿದ್ದರೆ ಎಲ್ಲರೂ ಆಮೆನ್ ಅಂತಿದ್ರು."

ಸಭೆಯಲ್ಲಿ ಆಮೆನ್ ಎನ್ನಿಸಿಕೊಳ್ಳುವ ಮಾತಿಗೆ ಸೆರೆಮನೆಯ ಕಿವಿ ಬೇರೆಯದೇ ಅರ್ಥ ಹಚ್ಚಿದೆ. ಇಲ್ಲಿ ಬಿಡುಗಡೆ ಎಂದರೆ ಗೇಟು. ಮೇಲಿನವರು ಎಂದರೆ ಅಧಿಕಾರಿಗಳು. ಕೊಡುವುದು, ತೀರಿಸುವುದು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಸಾಲದ್ದಕ್ಕೆ ಬ್ಲೇಡಣ್ಣ ಅಂದು ನೇರವಾಗಿ ಸೆರೆಮನೆಯ ಸಾಹೇಬರ ಮನೆಯಲ್ಲಿ ಅವರ ಗಡ್ಡ ಹೆರೆದು ಬಂದಿದ್ದರು, ಮತ್ತು ಅದು ಮೇಸ್ತ್ರಿಗೆ ಗೊತ್ತಿತ್ತು. ಸಾಹೇಬರ ಬಾಯಿಂದ ಬಿದ್ದ ಸುದ್ದಿಯನ್ನು ಈತ ಗುಟ್ಟಾಗಿ ತಂದಿದ್ದಾನೆಂದು ಭಾವಿಸಿ ಅವರು ಎರಡೂ ಕೈ ಜೋಡಿಸಿ ಅತ್ತಿದ್ದಾರೆ. ಆ ಕಣ್ಣೀರನ್ನು ಕಂಡ ಬ್ಲೇಡಣ್ಣ ಮನೆಗೆ ಹೋಗಿ, ಹೆಂಡತಿಯೊಡನೆ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದ್ದಾರೆ. ಅದೇ ಸಂಜೆ ಮೇಸ್ತ್ರಿ, ಶಿಕ್ಷೆ ಮುಗಿಸಿ ಹೊರಟಿದ್ದ ಒಬ್ಬನ ಕೈಯಲ್ಲಿ ಮಗಳಿಗೆ ಸುದ್ದಿ ಕಳಿಸಿದ್ದಾರೆ: ಆರ್ಡರ್ ಆಗಿದೆ ಅಂತ ಕ್ಷೌರದವನು ಹೇಳಿದ, ಬಂದು ಕರೆದುಕೊಂಡು ಹೋಗು.

ಮಗಳು ಬಾಡಿಗೆ ಟೆಂಪೊ ಮಾಡಿಸಿ, ಹಿಂದೆ ಹಾಸಿಗೆ ಹಾಸಿಕೊಂಡು ಬಂದಿದ್ದಾಳೆ. ಗೇಟಿನವರು ಯಾವ ಆರ್ಡರೂ ಇಲ್ಲವೆಂದಿದ್ದಾರೆ. ಭೇಟಿಯ ದಿನವೂ ಅಲ್ಲವೆಂದು ಒಳಗೂ ಬಿಟ್ಟಿಲ್ಲ. ಕೆಲಸ ಮುಗಿಸಿ ಹೊರಬರುತ್ತಿದ್ದ ಬ್ಲೇಡಣ್ಣನನ್ನು ವಾರ್ಡರ್ ಒಬ್ಬರು ಬೆರಳು ಮಾಡಿ ತೋರಿಸಿದ್ದಾರೆ. ಆಕೆ ಹತ್ತಿರ ಬಂದು, ಅವರ ಕಂಕುಳಿನ ಪೆಟ್ಟಿಗೆಯನ್ನು ನೋಡಿ, ಕೇಳಿದ್ದು ಒಂದೇ ಮಾತು.

"ನಮ್ಮಪ್ಪನ ತಲೆ ಬೋಳಿಸಿದ್ದು ನೀವೇನಾ?"

"ಮೊದಲು ನನಗೆ ಹೊಳೀಲೇ ಇಲ್ಲ ಸರ್," ಎನ್ನುತ್ತಾರೆ ಬ್ಲೇಡಣ್ಣ. "ಗಡ್ಡ ಮಾಡ್ತೀನಮ್ಮ, ತಲೆ ಬೋಳಿಸಿಲ್ಲ ಅಂದೆ. ಆಯಮ್ಮ ಹಾಗೇ ನನ್ನ ಮುಖ ನೋಡ್ತಾ ನಿಂತಳು. ಆಮೇಲೆ ಅರ್ಥ ಆಯ್ತು. ಮೋಸ ಮಾಡಿದೋನು ನೀನೇನಾ ಅಂತ ಕೇಳ್ತಿದ್ದಾಳೆ ಅಂತ."

ಬ್ಲೇಡಣ್ಣನ ತಂದೆಯದೂ ಇದೇ ಕಸುಬು, ಇದೇ ಸೆರೆಮನೆ. ಮಗನಿಗೆ ಅವರು ಕಲಿಸಿದ್ದು ಬಲಗೈಯ ಕೆಲಸಕ್ಕಿಂತ ಹೆಚ್ಚಾಗಿ ಎಡಗೈಯದು: ಚರ್ಮ ಎಲ್ಲಿ ಹಿಡಿದೆಳೆಯಬೇಕು, ಎಲ್ಲಿ ಬಿಡಬೇಕು ಎಂಬುದು. ಸಾಯುವ ಕಾಲಕ್ಕೆ ಅವರನ್ನು ನೋಡಲು ಸಭೆಯ ಹಿರಿಯ ಬೋಧಕರು ಬಂದರು. ಒಳ್ಳೆಯ ಮನುಷ್ಯ; ಮಧ್ಯಾಹ್ನವಿಡೀ ಹಾಸಿಗೆಯ ಪಕ್ಕ ಕೂತರು, ಕಾಲು ಒತ್ತಿದರು, ರಕ್ಷಣೆಯ ಮಾತು ಹೇಳಿದರು. ತಂದೆ ಎಲ್ಲದಕ್ಕೂ ತಲೆಯಾಡಿಸಿದರು. ಬೋಧಕರು ಎದ್ದುಹೋದಮೇಲೆ ಮಗನನ್ನು ಹತ್ತಿರ ಕರೆದು ಕೇಳಿದರು: "ಅಯ್ಯನೋರು ಏನು ಹೇಳಿದ್ರೋ?"

"ನನಗೂ ಗೊತ್ತಿರಲಿಲ್ಲ," ಎಂದು ಬ್ಲೇಡಣ್ಣ ಟವೆಲನ್ನು ಮಡಚಿ ಮತ್ತೆ ಬಿಚ್ಚುತ್ತಾರೆ. "ಮಾತೆಲ್ಲ ಬಾಯಿಪಾಠ ಇತ್ತು. ನೀತಿವಂತನಾಗಿ ಎಣಿಸಲ್ಪಡೋದು, ಪ್ರಾಯಶ್ಚಿತ್ತ, ನಿತ್ಯಜೀವ. ಅರ್ಥ ಹೇಳು ಅಂದ್ರೆ ನಾಲಿಗೆ ಹೊರಳಲಿಲ್ಲ. ನಮ್ಮಪ್ಪ ತಲೆಯಾಡಿಸಿಕೊಂಡೇ ಹೋದರು. ದೊಡ್ಡೋರ ಎದುರಿಗೆ ಅರ್ಥ ಆಗದೇ ಇದ್ದಾಗ ಹಾಗೇ ತಲೆಯಾಡಿಸೋರು ಅವರು."

ಅಂದಿನಿಂದ ಈ ಹುಚ್ಚು ಹಿಡಿದಿದೆ. ಕೇಳಿದವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಸೆರೆಮನೆಯ ಕಚೇರಿ ಅವರಿಗೆ ಕೊಟ್ಟಿರುವ ಅನುಮತಿ ಚಿಕ್ಕದು: ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಹೇಳಬಹುದು. ಅದರ ಮೇಲೆ ಅವರು ತಾವೇ ಹಾಕಿಕೊಂಡ ಕಟ್ಟು ಇನ್ನೊಂದಿದೆ. ಕತ್ತಿ ಕೈಯಲ್ಲಿರುವಾಗ ದೇವರ ಮಾತಿಲ್ಲ. ಮೊದಮೊದಲು ಕ್ಷೌರ ಮಾಡುತ್ತಲೇ ಹೇಳುತ್ತಿದ್ದರಂತೆ. ಒಮ್ಮೆ ಒಬ್ಬ ಮುದುಕ ಕೈದಿ, ಅರ್ಧ ಮುಖದ ನೊರೆಯೊಂದಿಗೆ, ಹೇಳಿದ್ದೆಲ್ಲಕ್ಕೂ ಹೂಂ ಹೂಂ ಎಂದು ಒಪ್ಪಿಕೊಂಡ. ಮುಖ ಒರೆಸಿಕೊಂಡ ಮೇಲೆ, "ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಕೇಳಿದ್ರೆ ಒಪ್ಪದೇ ಇರೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದ. ಕೋಣೆಯೆಲ್ಲ ನಕ್ಕಿತು, ಬ್ಲೇಡಣ್ಣನೂ ನಕ್ಕರು. ಮರುದಿನದಿಂದ ಮೊದಲು ಕತ್ತಿ ಪೆಟ್ಟಿಗೆಗೆ ಹೋಗುತ್ತದೆ, ಆಮೇಲೆ ಕೈ ತೊಳೆಯುತ್ತಾರೆ, ಆಮೇಲಷ್ಟೇ ಸ್ಟೂಲಿನ ಮೇಲೆ ಕೂರುತ್ತಾರೆ.

ಕಸುಬು ಅವರ ಬೆನ್ನು ಬಗ್ಗಿಸಿದೆ. ಬೆಳಗಾಗುವ ಮುನ್ನ ಆಸ್ಪತ್ರೆಯ ಇಪ್ಪತ್ತು ಚಿಲ್ಲರೆ ಮುಖಗಳು, ಬಿಸಿಲೇರಿದ ಮೇಲೆ ಅಂಗಳದಲ್ಲಿ ನೆಲದ ಮೇಲೆ ಕೂತ ಸಾಲುಸಾಲು ತಲೆಗಳು. ಹುಣ್ಣಿನ ಮುಖ, ಜ್ವರದ ಮುಖ, ಹೊಡೆದಾಟದಲ್ಲಿ ಒಡೆದ ಮುಖ. ಉಗುಳಿಸಿಕೊಂಡದ್ದುಂಟು. ಒಬ್ಬಾತ ಅವರ ಮಣಿಕಟ್ಟು ಕಚ್ಚಿದ ಗುರುತು ಇನ್ನೂ ಇದೆ. ಸತ್ತವರ ಮುಖವನ್ನು ಮನೆಯವರಿಗೆ ಒಪ್ಪಿಸುವ ಮುನ್ನ ಕೊನೆಯ ಸಲ ಹೆರೆಯುವವರೂ ಅವರೇ. "ಆವಾಗ ಬೆರಳು ಇಟ್ಟು ಉಬ್ಬಿಸೋಕಾಗಲ್ಲ ಸರ್, ಬಾಯಿ ಬಿಗಿದಿರುತ್ತೆ," ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಈಗ ಆ ಬೆಳಗಿನ ಕೋಣೆಗೇ ಮರಳೋಣ. ಮೇಸ್ತ್ರಿಯ ಮುಖ ನುಣ್ಣಗಾಗಿದೆ. ಪಟಿಕದ ತುಂಡನ್ನು ಒದ್ದೆಮಾಡಿ ಕೆನ್ನೆಗೆ ಸವರುತ್ತಾ ಬ್ಲೇಡಣ್ಣ ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಡಾಕ್ಟರು ನಿಂತಿದ್ದಾರೆ. ಕಣ್ಸನ್ನೆಯಲ್ಲಿ ಹೊರಗೆ ಕರೆದು, ಮೆಲ್ಲನೆ ಹೇಳುತ್ತಾರೆ: "ಏನೂ ಹೇಳಬೇಡಿ. ಇನ್ನು ಕೆಲವೇ ದಿನ. ಮನೆಗೆ ಹೋಗ್ತೀನಿ ಅನ್ನೋ ಖುಷಿಯಲ್ಲಿ ಊಟ ಮಾಡ್ತಿದ್ದಾರೆ, ನಿದ್ದೆ ಮಾಡ್ತಿದ್ದಾರೆ. ನನ್ನ ಔಷಧಿಯಿಂದ ಆಗದ್ದು ನಿಮ್ಮ ತಪ್ಪಿನಿಂದ ಆಗಿದೆ. ನೆಮ್ಮದಿಯಾಗಿ ಹೋಗಲಿ ಬಿಡಿ."

ಡಾಕ್ಟರ ಮಾತಿನಲ್ಲಿ ಕರುಣೆಯಿದೆ, ಮತ್ತು ಅದು ಬ್ಲೇಡಣ್ಣನಿಗೂ ಗೊತ್ತು. ಹೇಳದಿದ್ದರೆ ಒಬ್ಬ ಸಾಯುವ ಮನುಷ್ಯ ಸುಳ್ಳೊಂದನ್ನು ಅಪ್ಪಿಕೊಂಡು ಸುಖವಾಗಿ ಸಾಯುತ್ತಾನೆ. ಹೇಳಿದರೆ ಆ ಸುಖ ಹೋಗುತ್ತದೆ; ಜೊತೆಗೆ, ತಾವು ಆಮೇಲೆ ಹೇಳಬೇಕೆಂದಿರುವ ನಿಜವನ್ನು ಆತ ಕೇಳಿಯಾನೆಂಬ ಭರವಸೆಯೂ ಇಲ್ಲ.

"ಡಾಕ್ಟ್ರೇ, ಬೇರೆ ಯಾವ ಸುಳ್ಳಾದ್ರೂ ಬಿಟ್ಟುಬಿಡ್ತಿದ್ದೆ. ಇದು ದೇವರ ಹೆಸರಲ್ಲಿ ಹೋಗಿದೆ."

ಒಳಗೆ ಬಂದು ಅವರು ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ, ಮಗ್ಗಿನ ನೀರಿನಲ್ಲಿ ಕೈ ತೊಳೆಯುತ್ತಾರೆ, ಸ್ಟೂಲು ಎಳೆದುಕೊಳ್ಳುತ್ತಾರೆ.

"ಕತ್ತಿ ಒಳಗೆ ಹೋಯ್ತು. ಇನ್ನು ಕೊರೆತ," ಎನ್ನುತ್ತಾನೆ ಡ್ರೈವರ್. ಯಾರೂ ನಗುವುದಿಲ್ಲ.

"ಗಾಡಿ ಬಂತಾ?" ಮೇಸ್ತ್ರಿ ಕೇಳುತ್ತಾರೆ.

"ನಿನ್ನೆ ಬಂದಿತ್ತು. ವಾಪಸ್ ಹೋಯ್ತು. ಆರ್ಡರ್ ಆಗಿಲ್ಲ ಮೇಸ್ತ್ರಿ."

"ನೀನೇ ಹೇಳಿದೆಯಲ್ಲೋ. ಆಗಿಹೋಗಿದೆ ಅಂದೆ. ಮೇಲಿಂದ ಬಂದಿದೆ ಅಂದೆ."

"ಮೇಲಿಂದ ಅಂದ್ರೆ ಸಾಹೇಬರಲ್ಲ. ದೇವರ ವಿಷಯ ಹೇಳಿದೆ ನಾನು. ನಿನಗೆ ಬೇರೆ ಥರ ಕೇಳಿಸುತ್ತೆ ಅಂತ ಹೊಳೀಲಿಲ್ಲ. ತಪ್ಪು ನನ್ನದು."

ಮೇಸ್ತ್ರಿಯ ಈಗತಾನೇ ಹೆರೆದ ಮುಖದ ಮೇಲೆ ಸಿಟ್ಟಾಗಲಿ ಅಳುವಾಗಲಿ ಕಾಣುವುದಿಲ್ಲ; ದೀಪ ಆರಿದ ಮನೆಯ ಕಿಟಕಿಯಂತೆ ಅದು ಬರಿದಾಗುತ್ತದೆ.

"ದೇವರಿಗೆ ಅರ್ಜಿ ಹಾಕಿದೋರು ಯಾರಪ್ಪ?" ಎನ್ನುತ್ತಾರೆ. ಆಮೇಲೆ ಗೋಡೆಯ ಕಡೆ ಹೊರಳುತ್ತಾರೆ. ಅಂದು ಊಟದ ತಟ್ಟೆ ಮುಟ್ಟುವುದಿಲ್ಲ. ಮರುದಿನ ಬ್ಲೇಡಣ್ಣ ಮಗ್ಗು ಹಿಡಿದು ಬಂದಾಗ ಮುಖವನ್ನೂ ಕೊಡುವುದಿಲ್ಲ. "ಖುಷಿ ಆಯ್ತಾ ಈಗ?" ಎನ್ನುತ್ತಾನೆ ಡ್ರೈವರ್, ಮತ್ತು ಈ ಸಲ ಅದು ತಮಾಷೆಯಲ್ಲ.

ಬ್ಲೇಡಣ್ಣನ ಮನೆ ಸೆರೆಮನೆಯ ಹಿಂಬದಿಯ ಓಣಿಯಲ್ಲಿ ಒಂದೂವರೆ ಕೋಣೆಯದು. ಅರ್ಧ ಕೋಣೆಯಲ್ಲಿ ಅವರ ಹೆಂಡತಿಯ ಇಸ್ತ್ರಿ ಮೇಜು. ವಾರ್ಡರುಗಳ ಖಾಕಿ ಬಟ್ಟೆಗೆಲ್ಲ ಇಸ್ತ್ರಿಯಾಗುವುದು ಇಲ್ಲೇ. ಆಕೆಯ ಮಾತಿಗೂ ಇಸ್ತ್ರಿಪೆಟ್ಟಿಗೆಯ ಕಾವಿದೆ.

"ಉಪ್ಪು ಕೊಡು ಅನ್ನೋಕೂ ಸತ್ಯವೇದದ ಭಾಷೆ ಬೇಕು ಇವರಿಗೆ," ಎಂದು ಗಂಡನ ಕಡೆ ಗದ್ದ ತೋರಿಸುತ್ತಾರೆ. "ಮೇಸ್ತ್ರಿ ಮತ್ತೆ ಕರೆದ್ರೆ ಏನು ಹೇಳ್ತೀರಿ, ನನಗೆ ಹೇಳಿ ನೋಡೋಣ ಅಂದೆ. ಶುರು ಮಾಡಿದ್ರು. ಮೊದಲನೇ ಮಾತಿಗೇ ನಿಲ್ಲಿಸಿದೆ."

ಆ ಸಂಜೆಯ ಮಾತುಕತೆಯನ್ನು ಗಂಡಹೆಂಡಿರಿಬ್ಬರೂ ಸೇರಿ, ಒಬ್ಬರನ್ನೊಬ್ಬರು ತಿದ್ದುತ್ತಾ, ಮತ್ತೆ ಆಡಿ ತೋರಿಸುತ್ತಾರೆ.

"ಕ್ಷಮಾದಾನ ಅಂದೆ."

"ಅದಕ್ಕೂ ಅರ್ಜಿ ಹಾಕ್ತಾರ್ರೀ ಅಲ್ಲಿ. ಬೇಡ ಅಂದೆ."

"ಯೇಸು ನಮಗೆ ಜಾಮೀನಾದ ಅಂದೆ."

"ಜಾಮೀನು ಅಂದ್ರೆ ಮತ್ತೆ ಗಂಟು ಕಟ್ಟಿ ಕೂರ್ತಾನೆ ಅಂದೆ."

"ರಕ್ಷಣೆ ಅಂದೆ. ಇದಂತೂ ನಮ್ಮದೇ ಮಾತು ಕಣೇ ಅಂದೆ."

"ಜೀವಭಯ ಇರೋ ಕೈದಿಗೆ ರಕ್ಷಣೆ ಅಂತ ಬೇರೆ ಕೋಣೆಗೆ ಹಾಕ್ತಾರಲ್ಲ, ಅದು ಅಂದ್ಕೊಂಡ್ರೆ? ಬೇಡ ಅಂದೆ. ತೀರ್ಪು ಬೇಡ, ಶಿಕ್ಷೆ ಬೇಡ, ವಿಮೋಚನೆ ಬೇಡ."

"ಹೀಗೆ ಎಲ್ಲ ಕಿತ್ತುಕೊಂಡ್ರೆ ನನ್ನ ಹತ್ರ ಏನೂ ಉಳಿಯಲ್ವಲ್ಲೇ ಅಂದೆ ಸರ್."

"ಉಳಿದಿದ್ದನ್ನ ಹೇಳಿ ಅಂದೆ ನಾನು."

ಹೊರಗಿನವರ ಬಾಯಿ ಕಟ್ಟಿಹಾಕಲು ಸೆರೆಮನೆಗೆ ಗೋಡೆ ಬೇಕಾಗಿಲ್ಲ. ಪಾಪಿಗೆ ಸಮಾಧಾನ ಹೇಳಲೆಂದು ಸಭೆಯು ಕಾಪಾಡಿಕೊಂಡು ಬಂದ ಒಂದೊಂದು ಪದವನ್ನೂ ಕಚೇರಿಯು ಮೊದಲೇ ತನ್ನ ಮುದ್ರೆಯೊತ್ತಿ ಇಟ್ಟುಕೊಂಡಿದೆ. ಅಂದು ಬ್ಲೇಡಣ್ಣ ಉಣ್ಣದೆ ಕೂತು, ಹೇಳಬೇಕಾದದ್ದನ್ನು ನೆರೆಮನೆಯವರೊಡನೆ ಆಡುವ ಮಾತಿನಲ್ಲಿ ಹೇಳಿ ಹೇಳಿ ನೋಡುತ್ತಾರೆ. ಬಟ್ಟೆ ಮಡಚುತ್ತಾ ಹೆಂಡತಿ ಹೂಂಗುಡುತ್ತಾರೆ. ಅರ್ಥವಾಗದಿದ್ದರೆ ಹೂಂಗುಡುವುದಿಲ್ಲ, ಅಷ್ಟೇ.

ಮತ್ತೆರಡು ದಿನ ಮೇಸ್ತ್ರಿ ಗೋಡೆ ನೋಡಿಕೊಂಡೇ ಮಲಗುತ್ತಾರೆ. ಅದರ ಮಾರನೆಯ ಬೆಳಿಗ್ಗೆ, ಬ್ಲೇಡಣ್ಣ ಆ ಮಂಚವನ್ನು ದಾಟಿ ಮುಂದೆ ಹೋಗುವಾಗ, ಹಿಂದಿನಿಂದ ಧ್ವನಿ ಬರುತ್ತದೆ. ಮುಂದಿನದನ್ನು ಕೇಳಿಸಿಕೊಂಡವರು ಇಬ್ಬರೇ: ಬ್ಲೇಡಣ್ಣ, ಮತ್ತು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ನಿದ್ದೆಯ ನಟನೆ ಮಾಡಿದ ಡ್ರೈವರ್. ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದು ಒಂದೇ ಸಂಗತಿಯನ್ನು.

"ಬಾರೋ ಇಲ್ಲಿ. ಅವತ್ತು ಏನು ಹೇಳೋಕೆ ಬಂದಿದ್ದೆ? ಈಗ ಹೇಳು. ಅರ್ಥ ಆಗೋ ಹಾಗೆ ಹೇಳು."

ಕತ್ತಿ ಪೆಟ್ಟಿಗೆಗೆ ಹೋಗುತ್ತದೆ. ಬ್ಲೇಡಣ್ಣ ಕೈ ತೊಳೆದು ಕೂರುತ್ತಾರೆ.

"ದೇವರಿಗೂ ನಮಗೂ ನಡುವೆ ಒಂದು ಗೋಡೆ ಎದ್ದಿದೆ ಮೇಸ್ತ್ರಿ..."

"ಗೋಡೆ ವಿಷಯ ನನಗೆ ಹೇಳಬೇಡ. ನನ್ನ ಜೀವಮಾನವೆಲ್ಲ ಅದೇ ಆಯ್ತು. ನೆಟ್ಟಗೆ ಹೇಳು."

ಬ್ಲೇಡಣ್ಣ ಮತ್ತೆ ಮೊದಲಿಂದ ಶುರುಮಾಡುತ್ತಾರೆ.

"ನೀನು ಇಲ್ಲಿಂದ ಆಚೆ ಹೋಗಲ್ಲ. ಇದೇ ಮಂಚದ ಮೇಲೆ ಸಾಯ್ತೀಯ."

"ಹೂಂ."

"ನಿನ್ನ ತಮ್ಮ ಸತ್ತ. ಅದರಲ್ಲಿ ನಿನ್ನ ಕೈ ಎಷ್ಟಿದೆಯೋ ದೇವರಿಗೆ ಗೊತ್ತು. ಹೋಗಲಿ ಬಿಡು, ಪರವಾಗಿಲ್ಲ ಅಂತ ದೇವರು ಅನ್ನಲ್ಲ. ನಿನ್ನ ತಮ್ಮನೂ ಅವನ ಮಗನೇ."

"ಹೂಂ."

"ನೀನೂ ಅವನ ಮಗನೇ. ನಿನ್ನನ್ನ ಕಳ್ಕೊಳ್ಳೋಕೂ ಅವನಿಗೆ ಮನಸ್ಸಿಲ್ಲ. ಅದಕ್ಕೇ ಅವನೇ ಬಂದ. ಯೇಸು ಅಂದ್ರೆ ಅದೇ, ಬೇರೆ ಏನೂ ಅಲ್ಲ. ನಮ್ಮ ಹಾಗೆ ಹುಟ್ಟಿದ, ನಮ್ಮ ಹಾಗೆ ನ್ಯಾಯ ಅನ್ಯಾಯ ನೋಡಿದ. ಏನೂ ತಪ್ಪು ಮಾಡದೇ ಇದ್ರೂ ಜನ ಅವನನ್ನ ಹಿಡಿದು ಕೊಂದ್ರು. ನೀನು ಮಾಡಿದ್ದು, ನಾನು ಮಾಡಿದ್ದು, ಎಲ್ಲ ತನ್ನ ಮೈಮೇಲೆ ಹೊತ್ಕೊಂಡು ಸತ್ತ. ಮೂರನೇ ದಿನ ಎದ್ದ. ಈಗಲೂ ಇದ್ದಾನೆ. ಅವನ ಹತ್ರ ನೀನು ಹೇಳಬೇಕಾದ್ದು ಇಷ್ಟೇ. ನಾನು ಮಾಡಿದೆ, ಇದನ್ನ ಸರಿಮಾಡೋಕೆ ನನ್ನ ಕೈಲಾಗಲ್ಲ, ನನ್ನನ್ನ ಹಿಡ್ಕೋ ಅಂತ. ಅಷ್ಟು ಹೇಳಿದೋರನ್ನ ಅವನು ಬಿಡಲ್ಲ. ಸಾಯೋವಾಗಲೂ ಬಿಡಲ್ಲ, ಸತ್ತಮೇಲೂ ಬಿಡಲ್ಲ."

ಬಹಳ ದಿನಗಳ ನಂತರ ಮೇಸ್ತ್ರಿಯ ತುಟಿಯ ಕೊನೆಯಲ್ಲಿ ನಗೆಯಂಥದ್ದೊಂದು ಕಾಣುತ್ತದೆ.

"ಅವತ್ತು ಬಿಡ್ತಾನೆ ಅಂದೆ. ಇವತ್ತು ಬಿಡಲ್ಲ ಅಂತೀಯ."

"ಹೌದು. ಅವತ್ತು ಹೇಳಬೇಕಾಗಿದ್ದೂ ಇದೇ."

"ನಾನು ಮಾಡಿದೆ ಅಂತ ಹೇಳಲೇಬೇಕಾ?"

"ಹೇಳಬೇಕು."

"ಹೇಳಿದ್ರೆ ಆರ್ಡರ್ ಬರಲ್ಲ."

"ಆರ್ಡರ್ ಹೇಗೂ ಬರಲ್ಲ ಮೇಸ್ತ್ರಿ."

ಈ ಮಾತಿನ ತೂಕ ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. ಗೋಡೆ ಕಟ್ಟಲು ನಿಲ್ಲಿಸಿದ ಸಾರ್ವೆಯ ಮೇಲಿಂದ ತಮ್ಮನು ತಾನಾಗಿ ಕಾಲುಜಾರಿ ಬಿದ್ದನೆಂದು ಮೇಸ್ತ್ರಿ ಕೋರ್ಟಿನಲ್ಲಿ ಹೇಳಿದ್ದರು. ಸೆರೆಮನೆಗೆ ಬಂದಮೇಲೂ, ಕೇಳಿದವರಿಗೆಲ್ಲ, ಅದನ್ನೇ ಹೇಳಿಕೊಂಡು ಬಂದಿದ್ದರು. ಮಗಳು ಅದನ್ನು ನಂಬಿದ್ದಳು. ನಂಬದ ನೆಂಟರೊಂದಿಗೆಲ್ಲ ಮಾತು ಬಿಟ್ಟಿದ್ದಳು.

"ತಳ್ಳಿದೆ," ಎನ್ನುತ್ತಾರೆ ಮೇಸ್ತ್ರಿ. "ಸಾರ್ವೆ ಮೇಲೆ ನಿಂತಿದ್ದ. ಕೈಯಲ್ಲಿ ಗಾರೆ ಬಾಂಡ್ಲಿ ಇತ್ತು, ಹಿಡ್ಕೊಳ್ಳೋಕೆ ಕೈ ಇರಲಿಲ್ಲ ಅವನಿಗೆ. ಮಾತಿಗೆ ಮಾತು ಬೆಳೀತು. ತಳ್ಳಿದೆ. ಬೀಳೋವಾಗ ಅಣ್ಣಾ ಅಂದ."

ತಾವು ಪ್ರಾರ್ಥನೆ ಮಾಡಲೇ ಎಂದು ಬ್ಲೇಡಣ್ಣ ಕೇಳಿದರೆ, ಬೇಡ, ನಾನೇ ಹೇಳಿಕೊಳ್ಳುತ್ತೇನೆ ಎನ್ನುತ್ತಾರೆ. ಕಣ್ಣು ಮುಚ್ಚುತ್ತಾರೆ. ತುಟಿ ಆಡುತ್ತದೆ. ಏನೆಂದು ಹೇಳಿಕೊಂಡರೋ ಬ್ಲೇಡಣ್ಣನಿಗೆ ಕೇಳಿಸುವುದಿಲ್ಲ. ಡ್ರೈವರ್‌ಗೂ ಕೇಳಿಸಿಲ್ಲ. ಕಣ್ಣು ತೆರೆದ ಮೇಲೆ ಮೇಸ್ತ್ರಿ ಕೇಳುವುದು ಒಂದೇ ಪ್ರಶ್ನೆ: "ಅವನು ನನ್ನನ್ನ ಬಿಡಲ್ಲ ಅಂದ್ರೆ, ನನ್ನ ತಮ್ಮ ಏನಂತಾನೆ?"

"ಗೊತ್ತಿಲ್ಲ ಅಂದೆ ಸರ್," ಎನ್ನುತ್ತಾರೆ ಬ್ಲೇಡಣ್ಣ. "ನಿಜವಾಗಲೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಿ ಇನ್ನೊಂದು ಗಾಡಿ ತರಿಸೋಕೆ ನನಗೆ ಧೈರ್ಯ ಇರಲಿಲ್ಲ."

ಮಗಳಿಗೆ ನೀನೇ ಹೇಳು, ನನ್ನ ಬಾಯಲ್ಲಿ ಬರುವುದಿಲ್ಲ, ಎಂದು ಮೇಸ್ತ್ರಿ ಬೇಡಿಕೊಳ್ಳುತ್ತಾರೆ. ಭೇಟಿಯ ದಿನ ಬರುವಷ್ಟರಲ್ಲಿ ಅವರಿಲ್ಲ. ಕೊನೆಯ ಕ್ಷೌರ ಮಾಡಿದ್ದೂ ಬ್ಲೇಡಣ್ಣನೇ.

ಅದೇ ಟೆಂಪೊ, ಹಿಂದೆ ಅದೇ ಹಾಸಿಗೆ. ಗೇಟಿನೆದುರು ಕಾಯುತ್ತಿದ್ದ ಮಗಳು ಬ್ಲೇಡಣ್ಣ ಬರುವುದನ್ನು ಕಂಡು ಮುಖ ತಿರುಗಿಸುವುದಿಲ್ಲ. ಅದಕ್ಕಿಂತ ಕಠಿಣವಾದದ್ದನ್ನು ಮಾಡುತ್ತಾಳೆ. "ಅಂತೂ ಬಿಡುಗಡೆ ಆಯ್ತು ನಮ್ಮಪ್ಪನಿಗೆ," ಎನ್ನುತ್ತಾಳೆ. ಕನ್ನಡದಲ್ಲಿ ಆ ಪದಕ್ಕಿರುವ ಮೂರನೆಯ ಅರ್ಥವನ್ನು ತನಗೆ ಆವರೆಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ ಎನ್ನುತ್ತಾರೆ ಬ್ಲೇಡಣ್ಣ.

ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅವರು ಮೊದಲು ತಮ್ಮ ತಪ್ಪು ಹೇಳಿಕೊಳ್ಳುತ್ತಾರೆ. ಆಮೇಲೆ, ಅವಳ ತಂದೆ ಹೇಳಿದ್ದನ್ನು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಆಕೆ ಟೆಂಪೊದ ಚಕ್ರವನ್ನು ನೋಡುತ್ತಲೇ ಕೇಳುತ್ತಾಳೆ.

"ಇದನ್ನೂ ತಪ್ಪಾಗಿ ಅರ್ಥ ಮಾಡ್ಕೊಂಡಿರ್ತೀರಾ?"

"ಇಲ್ಲಮ್ಮ. ತಳ್ಳಿದೆ ಅಂದ್ರು. ಆ ಮಾತಿಗೆ ಬೇರೆ ಅರ್ಥ ಇಲ್ಲ."

ಆಕೆ ಹಾಸಿಗೆಯ ಅಂಚಿನಲ್ಲಿ ಕೂತುಬಿಡುತ್ತಾಳೆ. ಅಳುವುದಿಲ್ಲ. ಶವ ಬಂದಾಗ ಎದ್ದು ಜಾಗ ಮಾಡಿಕೊಡುತ್ತಾಳೆ, ಹೊರಡುವಾಗ ಹಿಂತಿರುಗಿ ನೋಡುವುದಿಲ್ಲ.

ಈ ಲೇಖನಕ್ಕೆ ಒಪ್ಪಿಗೆ ಕೇಳಲು ಹೋದಾಗ ಆಕೆ ಬಾಗಿಲಲ್ಲೇ ನಿಂತು ಮಾತಾಡುತ್ತಾಳೆ. "ಬರೀರಿ. ಸತ್ತ ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಅವಳ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಬಾಗಿಲು ತೆಗೆದಳು, ಪೂರ್ತಿ ಕೇಳಿದಳು, ಬಾಗಿಲು ಹಾಕ್ಕೊಂಡಳು. ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ." ಬ್ಲೇಡಣ್ಣನ ಮೇಲೆ ಈಗಲೂ ಸಿಟ್ಟಿದೆಯೇ ಎಂದರೆ, "ಇದೆ," ಎನ್ನುತ್ತಾಳೆ. ಒಳಗಿನಿಂದ ಯಾರೋ ಕರೆಯುತ್ತಾರೆ. ಹೋಗುವ ಮುನ್ನ ಇನ್ನೊಂದು ಮಾತು ಸೇರಿಸುತ್ತಾಳೆ: "ಆದ್ರೆ ನನಗೆ ನಿಜ ಹೇಳಿದೋರು ಅವರೊಬ್ಬರೇ. ನಮ್ಮಪ್ಪನೂ ಹೇಳಿರಲಿಲ್ಲ."

ಕೋಣೆಯಲ್ಲಿ ಮೇಸ್ತ್ರಿಯ ಮಂಚಕ್ಕೆ ಬೇರೊಬ್ಬರು ಬಂದಿದ್ದಾರೆ, ಉಸಿರಾಟಕ್ಕೆ ಕಷ್ಟಪಡುವ ವೃದ್ಧರು. ಡ್ರೈವರ್‌ನ ಪ್ಲಾಸ್ಟರ್ ಬಿಚ್ಚಿದೆ. ಮೀಸೆ ಹಾಗೇ ಇದೆ. ಇನ್ನು ಸ್ವಲ್ಪ ದಿನಕ್ಕೆ ಕ್ಷೌರದ ಮಷೀನು ಬರುತ್ತದಂತೆ, ಬ್ಲೇಡಣ್ಣ ಬೇಕಾಗುವುದಿಲ್ಲವಂತೆ ಎಂಬ ಸುದ್ದಿ ಇದೆ. ಆ ಬಗ್ಗೆ ಕೇಳಿದರೆ ಹೆಗಲು ಕುಣಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಮಾತ್ರ, ಬ್ರಷ್ಷಿನಿಂದ ನೊರೆ ಎಬ್ಬಿಸುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸುತ್ತಾರೆ.

"ಮೊದಲನೇ ಸಲಕ್ಕೇ ಅರ್ಥ ಆಗೋ ಹಾಗೆ ಹೇಳೋದು ಬರಬೇಕು ಸರ್, ಅಷ್ಟೇ. ಮೇಸ್ತ್ರಿಗೆ ಎರಡು ಸಲ ಹೇಳಿದೆ." ಅವರು ವೃದ್ಧರ ಗದ್ದವನ್ನು ಮೆಲ್ಲನೆ ಎತ್ತಿ ಬೆಳಕಿಗೆ ತಿರುಗಿಸುತ್ತಾರೆ. "ಇಲ್ಲಿ ಎಲ್ಲರಿಗೂ ಎರಡನೇ ಸಲದ ತನಕ ಟೈಮ್ ಇರಲ್ಲ."